ತನ್ನ ಬರಹಕ್ಕೆ ತಾನೇ ಹೂಂ ಅನ್ನದ ಶಾವಂತ್ರೆವ್ವ

ಕೇಳಿರಪ್ಪಾ, ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ನನ್ನ ಮೀಸೆ ಬೋಳಿಸಿ. ಅಂಥಿಂಥ ಮೀಸೆಯಲ್ಲ ಇದು, ಸುತ್ತಲ ಊರುಗಳಲ್ಲಿ ಇದಕ್ಕೆ ಜೋಡಿಯಿಲ್ಲ.

ಬಹಳ ಬಹಳ ಹಿಂದೆ, ಒಂದೂರಲ್ಲಿ ಶಾವಂತ್ರೆವ್ವ ಅಂತ ಒಬ್ಬಳಿದ್ದಳು, ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುವುದು ಅವಳ ಕಸುಬು. ಯಂತ್ರಗಳಿಗೆ ಮನುಷ್ಯರ ಬರಹ ತಿಳಿಯದು, ನಡುವೆ ಕಂಪೈಲರ್ ಎಂಬ ದುಭಾಷಿ ಬೇಕು. ಅದರ ಮುಂಭಾಗದ ಕೆಲಸವೆಂದರೆ ಬರೆದದ್ದನ್ನು ಮೊದಲು ಓದಿ ತಪ್ಪು ಹುಡುಕುವುದು. ಆಗಿನ ಕಂಪೈಲರುಗಳು ಮಹಾ ಮುಂಗೋಪಿಗಳು. ತಪ್ಪು ಮೊದಲ ಸಾಲಿನಲ್ಲಿದ್ದರೆ ಕೊನೆಯ ಸಾಲಿನಲ್ಲಿ ಕೂತು ಬಯ್ಯುತ್ತಿದ್ದವಂತೆ. ಒಳಗೇನಿದೆ ನೋಡೋಣವೆಂದರೆ ಮಾಡಿದವರು ಬೀಗ ಜಡಿದಿಟ್ಟಿದ್ದರಂತೆ.

ಶಾವಂತ್ರೆವ್ವ ಹೊಸ ಮುಂಭಾಗವನ್ನೇ ಬರೆದಳು. ಸಿ ಎಂಬ ಹಿರಿಯ ಭಾಷೆಗೂ ಅದರ ಮಕ್ಕಳು ಮೊಮ್ಮಕ್ಕಳಿಗೂ ಅದೊಂದೇ ಸಾಕು. ಅವಳು ಬರೆಯುವ ರಭಸಕ್ಕೆ ಕಂಪ್ಯೂಟರ್ ಕಾದು, ಅದರ ಬೆನ್ನ ಮೇಲೆ ಜೋಳದ ರೊಟ್ಟಿ ಉಬ್ಬುತ್ತಿದ್ದವಂತೆ. ನಮ್ಮಜ್ಜ ತಿಂದಿದ್ದ, ಸುಳ್ಳು ಹೇಳುವ ಮನುಷ್ಯನಲ್ಲ. ಅವಳ ಕಂಪೈಲರ್ ತಪ್ಪಿದ್ದಲ್ಲೇ ಬೆರಳಿಟ್ಟು, ಇಲ್ಲಿ ಹೀಗೆ ಬರೆಯಬೇಕಿತ್ತೇನೋ ಎಂದು ಕೇಳುತ್ತಿತ್ತಂತೆ. ಅದಕ್ಕವಳು ಬೀಗ ಹಾಕಲಿಲ್ಲ. ಯಾರು ಬೇಕಾದರೂ ನೋಡಬಹುದು, ತಿದ್ದಬಹುದು. ಕಟ್ಟಳೆ ಒಂದೇ: ತಿದ್ದಿದವರು ತಮ್ಮದಕ್ಕೆ ತಾವೇ ಹೂಂ ಅನ್ನುವಂತಿಲ್ಲ. ಇನ್ನೊಬ್ಬರು ಓದಿ ಹೂಂ ಅನ್ನಬೇಕು.

ಒಂದು ಮಳೆಗಾಲ ಕೆರೆ ತುಂಬಿ ಒಡ್ಡಿನ ಅಂಚಿಗೆ ಬಂತು. ಕೆರೆಯ ಗೇಟು ನೋಡಿಕೊಳ್ಳುವ ಮೌಲಾಸಾಬ ಓಡಿ ಬಂದ. ಹೊಸ ಗೇಟಿಗೆ ಅವನು ಪ್ರೋಗ್ರಾಂ ಬರೆದಿದ್ದ. ಶಾವಂತ್ರೆವ್ವನ ಕಂಪೈಲರ್ ಸರಿಯಿದ್ದ ಸಾಲನ್ನೇ ತಪ್ಪೆಂದು ಹಟ ಹಿಡಿದಿತ್ತು. ಗೇಟು ಏಳದಿದ್ದರೆ ಒಡ್ಡು ಒಡೆದು ಕೆಳಗಿನ ಓಣಿಯೆಲ್ಲ ಹೋಗುತ್ತದೆ. ಅವನ ಮನೆಯೂ ಅಲ್ಲೇ.

ನೋಡಿದರೆ ತಪ್ಪು ಕಂಪೈಲರಿನದೇ. ಅವಳು ಕೂತಲ್ಲೇ ತಿದ್ದಿದಳು. ಆದರೆ ಹೂಂ ಅನ್ನುವವರು ಯಾರು? ಮಳೆಗೆ ದೂರದೂರುಗಳ ತಂತಿಯೆಲ್ಲ ಹರಿದು, ಸಿಕ್ಕವನು ಪಕ್ಕದೂರಿನ ಗುರುಪಾದಪ್ಪ ಒಬ್ಬನೇ. ಅವನಿಗೂ ಇವಳಿಗೂ ಮಾತಿಲ್ಲ. ಬರೆಯುವಾಗ ಸಾಲಿನ ಮುಂದೆ ಎಷ್ಟು ಜಾಗ ಬಿಡಬೇಕು ಅಂತ ಜಗಳವಾಡಿ ವರ್ಷಗಳಾಗಿದ್ದವಂತೆ.

"ಅಕ್ಕಾರ, ಕಾಯ್ದೆ ಮಾಡಿದವ್ರು ನೀವಲ್ಲೇನ್ರಿ? ಇದೊಂದ್ಸಲ ನೀವ ಹೂಂ ಅನ್ರಿ!" ಅಂದ ಮೌಲಾಸಾಬ.

"ನಾನ ಮುರದ್ರ ನಾಳಿ ಯಾರ ಪಾಲಸ್ತಾರೋ ತಮ್ಮಾ?" ಎಂದು ಹಲ್ಲು ಕಚ್ಚಿ ಗುರುಪಾದಪ್ಪನಿಗೇ ಕಳಿಸಿದಳಂತೆ.

ಅವನು ಓದಿದ. "ಆಕಳಾ ಒಳಗ ಬಿಡಾಕ ಹೋಗಿ ಕದಾನ ಕಿತ್ತೀಯಲ್ಲ ಯವ್ವಾ! ಇನ್ನ ಕ್ವಾಣಾನೂ ನುಗ್ತೈತಿ!" ಎಂದು ಬಯ್ದು, ಸರಿಯಿದ್ದುದನ್ನು ಬಿಟ್ಟು ತಪ್ಪಿದ್ದುದನ್ನು ತಡೆಯುವ ಒಂದು ಸಾಲು ಸೇರಿಸಿದ. ಅವನದಕ್ಕೆ ಇವಳು ಹೂಂ ಅಂದಳು, ಇವಳದಕ್ಕೆ ಅವನು ಹೂಂ ಅಂದ.

ಕಂಪೈಲರ್ ಮೌಲಾಸಾಬನ ಬರಹವನ್ನು ಮತ್ತೆ ಓದಿತು. ಹಟ ಬಿಟ್ಟಿತು. ಆದರೆ ಬೇರೊಂದು ಸಾಲಿನ ಮೇಲೆ ಬೆರಳಿಟ್ಟು, ಗೇಟು ಎಷ್ಟೆತ್ತರ ಏಳಬೇಕೆಂದು ನೀನು ಹೇಳಿಯೇ ಇಲ್ಲವಲ್ಲ ಎಂದಿತು. ಮೌಲಾಸಾಬ ಹಣೆ ಬಡಿದುಕೊಂಡ. ಗುರುಪಾದಪ್ಪನ ಸಾಲಿಲ್ಲದಿದ್ದರೆ ಆ ತಪ್ಪು ಸುಮ್ಮನೆ ಒಳಗೆ ಹೋಗಿ, ಗೇಟು ಮನಸ್ಸಿಗೆ ಬಂದಷ್ಟು ಎದ್ದು, ಒಡ್ಡು ಉಳಿದರೂ ಓಣಿ ತೇಲುತ್ತಿತ್ತು. ಮೌಲಾಸಾಬ ಎತ್ತರ ತುಂಬಿಸಿದ. ಗೇಟು ಅಳತೆಗೆ ಸರಿಯಾಗಿ ಎದ್ದಿತು, ನೀರು ಹಳ್ಳ ಹಿಡಿಯಿತು, ಓಣಿಯಲ್ಲಿ ಒಂದು ಒಲೆಯೂ ನಂದಲಿಲ್ಲವಂತೆ. ಆಗ ಗುರುಪಾದಪ್ಪ, "ಚಲೋ ಬರದೀ ತಂಗಿ" ಎಂದು ಹೇಳಿ ಕಳಿಸಿದ.

ಇಂದಿಗೂ ಆ ಸೀಮೆಯಲ್ಲಿ ಈ ಕಸುಬಿನವರು ತಮ್ಮ ಬರಹಕ್ಕೆ ತಾವೇ ಹೂಂ ಅನ್ನುವುದಿಲ್ಲ. ದೊಡ್ಡ ಕೆಲಸವಾದರಂತೂ, ತಮ್ಮೊಡನೆ ಮಾತು ಬಿಟ್ಟವರನ್ನೇ ಹುಡುಕಿ, ಶಾವಂತ್ರೆವ್ವನ ಹೆಸರು ಹೇಳಿ ಓದಲು ಕೊಡುತ್ತಾರೆ.

ಎಲ್ಲಾ ನಿಜ. ಆ 'ಚಲೋ ಬರದೀ' ಒಂದು ಮಾತ್ರ ನಾನು ಸೇರಿಸಿದ್ದು. ಗುರುಪಾದಪ್ಪ ಅಂದದ್ದು ಬರೀ ಹೂಂ.