ತೆಳ್ಳಗೆ ಕೊರೆದವನ ಬೆಂಕಿ

"ಗುರುಗಳೇ, ಮಠದ ಊಟದ ಹೊತ್ತಿನಲ್ಲಿ ಕೆಲವರನ್ನು ಒಳಗೆ, ಕೆಲವರನ್ನು ಹೊರಜಗಲಿಯಲ್ಲಿ ಕೂರಿಸುವುದು ತಪ್ಪು. ಆದರೆ ಹಿರಿಯರಿಗೆ ನೋವಾಗದಂತೆ ಅದನ್ನು ಸ್ವಲ್ಪಸ್ವಲ್ಪವಾಗಿ ಹೇಳಿದರೆ ಸಾಲದೇ?" ಎಂದು ಶಿಷ್ಯ ಕೇಳಿದ.

"ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನು" ಎಂದು ಗುರುಗಳು ನಕ್ಕರು. ಆಮೇಲೆ ಈ ಕತೆ ಹೇಳಿದರು.

ಲೋಹವನ್ನು ತಿರುಗಿಸಿ ಕಡೆಯುವ ಲೇತ್ ಯಂತ್ರದ ಕೆಲಸಗಾರನೊಬ್ಬನಿದ್ದ. ದಾರದಲ್ಲಿ ಇಳಿದು ಏರುವ ಯೋಯೋ ಎಂಬ ಆಟಿಕೆಯನ್ನು ಲೋಹದಲ್ಲಿ ಕಡೆಯುತ್ತಿದ್ದ. ಅಲ್ಯೂಮಿನಿಯಂನದನ್ನು ಎಲ್ಲರೂ ಮಾಡುತ್ತಿದ್ದರು. ಅವನಿಗೆ ಅದಕ್ಕಿಂತ ಹಗುರವಾದ ಮೆಗ್ನೀಸಿಯಂನಲ್ಲಿ ಮಾಡುವ ಹಟ. ಅದು ಹೊತ್ತಿ ಉರಿಯುವ ಲೋಹ, ಅದರ ತಂಟೆ ಬೇಡವೆಂದು ಬುದ್ಧಿ ಹೇಳದವರೇ ಇರಲಿಲ್ಲ. ಅವನು ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಆದರೂ ಒಳಗೊಳಗೆ ಭಯವಿತ್ತು. ಉಳಿಯನ್ನು ಲೋಹಕ್ಕೆ ತಾಗಿಯೂ ತಾಗದಂತೆ ಹಿಡಿದು ಸವರಿದ. ಉಳಿ ಕೊರೆಯಲಿಲ್ಲ, ಉಜ್ಜಿ ಉಜ್ಜಿ ಕಾಯಿತು. ಹಿಟ್ಟಿನಂತೆ ಉದುರಿದ ಪುಡಿ ಭಗ್ಗೆಂದು ಹೊತ್ತಿಕೊಂಡಿತು. ನೀರು ಹಾಕಿದರೆ ಇನ್ನಷ್ಟು ಭುಗಿಲೇಳುವ ಬೆಂಕಿ ಅದು. ಒಣ ಮರಳು ಸುರಿದು ಆರಿಸಿದ.

ಕಾರ್ಖಾನೆಯ ಯಜಮಾನ ಓಡಿಬಂದ. "ಇನ್ನೂ ತೆಳ್ಳಗೆ ಕೊರಿ. ಇನ್ನೊಂದ್ಸಲ ಬೆಂಕಿ ಬಿದ್ರೆ ನಿನಗಿಲ್ಲಿ ಕೆಲಸ ಇಲ್ಲ."

"ಯಜಮಾನ್ರೇ, ತೆಳ್ಳಗೆ ಕೊರೆದಿದ್ದಕ್ಕೇ ಬೆಂಕಿ ಬಿದ್ದಿದ್ದು."

ಕೆಲಸಗಾರ ಉಳಿಗೆ ಹೊಸದಾಗಿ ಸಾಣೆ ಹಿಡಿದ. ಕೆಲಸ ಹೋದರೆ ಹೋಗಲಿ, ಹೆದರಿಕೊಂಡು ಮಾತ್ರ ಕಡೆಯುವುದಿಲ್ಲ ಎಂದುಕೊಂಡ. ಉಳಿಯನ್ನು ಆಳಕ್ಕೆ ಇಳಿಸಿದ, ಎಲ್ಲೂ ತಡೆಯದೆ ಎಳೆದ. ದಪ್ಪ ದಪ್ಪ ಚೂರುಗಳು ಕಾವನ್ನು ಹೊತ್ತುಕೊಂಡು ಕೆಳಗೆ ಬಿದ್ದವು. ಕಿಡಿ ಏಳಲಿಲ್ಲ.

ಕಡೆದಿಟ್ಟ ಮೆಗ್ನೀಸಿಯಂ ಗಾಳಿಗೇ ಮಂಕಾಗುತ್ತದೆ. ಅದಕ್ಕೊಂದು ಗಟ್ಟಿ ಪೊರೆ ಬೇಕು. ಲೋಹವನ್ನು ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ ಹರಿಸಿ ಪೊರೆ ಬರಿಸುವ ಆನೋಡೈಸಿಂಗ್‌ನವನ ಬಳಿಗೆ ಹೋದ. ಅವನು ಅಲ್ಯೂಮಿನಿಯಂ ಅದ್ದುವ ಆಮ್ಲದ ತೊಟ್ಟಿಯನ್ನು ತೋರಿಸಿದ. "ನಮ್ಮಪ್ಪನ ಕಾಲದಿಂದ ಎಲ್ಲಾನೂ ಇದರಲ್ಲೇ ಅದ್ದೋದು. ಇದೇ ಪದ್ಧತಿ."

"ಆ ಆಮ್ಲ ಇದನ್ನ ತಿಂದುಹಾಕುತ್ತೆ. ನಿಮ್ಮ ಪದ್ಧತಿ ಉಳೀಲಿ ಅಂತ ನನ್ನ ಲೋಹ ಕರಗಬೇಕಾ? ಇದಕ್ಕೆ ಬೇರೆ ತೊಟ್ಟಿ ಇಡಿ" ಎಂದು ಕೆಲಸಗಾರ ಬಾಗಿಲಲ್ಲೇ ಕೂತುಬಿಟ್ಟ. ತೊಟ್ಟಿಯವನು ಗೊಣಗಿದ, ಬೈದ, ಕೊನೆಗೆ ಆಮ್ಲವಿಲ್ಲದ ಬೇರೆ ತೊಟ್ಟಿ ಇಟ್ಟ. ಬೂದುಬಣ್ಣದ ಗಟ್ಟಿ ಪೊರೆ ಬಂತು. ಯೋಯೋ ದಾರದ ತುದಿಯಲ್ಲಿ ತಿರುಗಿತು.

ಕತೆ ಮುಗಿದ ಮೇಲೆ ಶಿಷ್ಯ ತಡೆದು ತಡೆದು ಕೇಳಿದ: "ಹಾಗಾದರೆ ಹಿರಿಯರಿಗೆ ನೇರವಾಗಿಯೇ ಹೇಳಿಬಿಡಬೇಕೇ?"

ಅಷ್ಟರಲ್ಲಿ ಊಟದ ಗಂಟೆ ಹೊಡೆಯಿತು. ಗುರುಗಳು ಎದ್ದು ನಿಂತರು.

"ಹೇಳುವುದೇನು ಬಂತು, ಇವತ್ತು ನನ್ನ ಎಲೆ ಹೊರಜಗಲಿಯಲ್ಲಿ, ನಿನ್ನದೆಲ್ಲಿ?"