ಗುಂಡಿ ಬಿದ್ದ ಮಫಿನ್

"ಗುರುಗಳೇ, ನಾನು ಪ್ರವಚನ ಹೇಳುವುದನ್ನು ಬಿಟ್ಟುಬಿಡಲೇ?" ಎಂದು ಶಿಷ್ಯ ಮರುಳಸಿದ್ಧ ಕೇಳಿದ. "ಹೇಳುತ್ತಾ ಹೇಳುತ್ತಾ ನಡುವೆ ನನಗೆ ಮನಸ್ಸು ತುಂಬಿಬಂದು ಮಾತು ನಿಂತುಹೋಗುತ್ತದೆ. ಎದುರಿಗೆ ಕೂತವರು ಕಣ್ಣೊರೆಸಿಕೊಳ್ಳುತ್ತಾರೆ. ನನ್ನ ಮೇಲಿನ ಮರುಕವೇ ಇರಬೇಕು. ನಾಚಿಕೆಯಾಗಿ ಈಗ ಎರಡರಷ್ಟು ಬಾಯಿಪಾಠ ಮಾಡಿ, ಎಲ್ಲೂ ನಿಲ್ಲದೆ ಒಪ್ಪಿಸುತ್ತಿದ್ದೇನೆ. ಜನ ಎದ್ದು ಹೋಗುತ್ತಿದ್ದಾರೆ."

ಗುರುಗಳು ಬಿಡು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಒಂದು ಕತೆ ಹೇಳಿದರು.

ಒಂದು ಮನೆಗೆ ಹೊಸದಾಗಿ ಸೊಸೆ ಬಂದಳು. ಆ ಮನೆಯಲ್ಲಿ ಬಾಳೆಹಣ್ಣಿನ ಮಫಿನ್, ಅದೇ ಆ ಪುಟ್ಟ ಕೇಕು, ಮಾಡುವುದು ವಾಡಿಕೆ. ನಗಬೇಡ ಮರುಳಸಿದ್ಧ, ಕೆಲವರ ಮನೆಯಲ್ಲಿ ಹೋಳಿಗೆ, ಅವರ ಮನೆಯಲ್ಲಿ ಮಫಿನ್. ಅತ್ತೆ ಅದನ್ನು ತನ್ನ ಅತ್ತೆಯಿಂದ ಕಲಿತಿದ್ದಳು. ಕಳಿತ ಬಾಳೆಹಣ್ಣು, ಗೋಧಿ ಹಿಟ್ಟು, ಬೆಣ್ಣೆ. ಬೆಂದ ಮೇಲೆ ಬೆಲ್ಲದ ಪಾಕ.

ಆ ಮನೆಯ ಮಗಳು ಬಸುರಿಯಾದಳು. ಗಂಡನ ಮನೆಯಲ್ಲಿ ಏನು ತಿಂದರೂ ಅವಳಿಗೆ ಸೇರದು. ತವರಿನ ಮಫಿನ್ ತಿನ್ನಬೇಕೆಂಬ ಬಯಕೆ. ಭಾನುವಾರ ಬರುತ್ತೇನೆ ಎಂದು ಹೇಳಿ ಕಳಿಸಿದಳು. ಅತ್ತೆಗೆ ಮಂಡಿನೋವು, ಅಡುಗೆಮನೆಯಲ್ಲಿ ನಿಲ್ಲಲಾರಳು. ಮಂಚದ ಮೇಲೆ ಕೂತೇ ಸೊಸೆಗೆ ಅಳತೆ ಹೇಳಿಕೊಟ್ಟಳು.

ಬಸುರಿಯ ಬಯಕೆ ತನ್ನ ಕೈಯಲ್ಲಿ ಕೆಟ್ಟರೆ ಈ ಮನೆಯಲ್ಲಿ ತಲೆ ಎತ್ತುವುದು ಹೇಗೆ ಎಂದು ಸೊಸೆಗೆ ಭಯ. ಮೊದಲೇ ಒಮ್ಮೆ ಮಾಡಿ ನೋಡಿದಳು. ಓವನ್‌ನಿಂದ ತೆಗೆದರೆ ಒಂದೊಂದರ ನಡುವೆಯೂ ಗುಂಡಿ. ಹಿಂದೆ ಅತ್ತೆ ತಟ್ಟೆಯಲ್ಲಿ ಇಟ್ಟುಕೊಟ್ಟ ಮಫಿನ್ನಿನ ಮೇಲ್ಭಾಗ ಸಪಾಟಾಗಿತ್ತು. ಯಾರಿಗೂ ಹೇಳದೆ ಎಲ್ಲವನ್ನೂ ಪಕ್ಕದ ಮನೆಯ ಎಮ್ಮೆಗೆ ಹಾಕಿದಳು. ಮತ್ತೆ ಮಾಡಿದಳು, ಮತ್ತೆ ಗುಂಡಿ. ಮತ್ತೆ ಎಮ್ಮೆಯ ಅದೃಷ್ಟ ಖುಲಾಯಿಸಿತು. ಭಾನುವಾರ ಬೆಳಿಗ್ಗೆಯೂ ಹಾಗೇ ಆದಾಗ, ಅವನ್ನು ಪಾತ್ರೆಯಲ್ಲಿ ಮುಚ್ಚಿಟ್ಟು, ಹಿಟ್ಟು ಹೆಚ್ಚಿಸಿ ಬೇರೆ ಮಾಡಿದಳು. ಈ ಸಲ ಗುಂಡಗೆ ಉಬ್ಬಿ ಬಂದವು. ನೋಡಲು ಬಲು ಚೆಂದ.

ಮಗಳು ಬಂದಳು. ಪಾಕ ಮಾತ್ರ ನಾನೇ ಹಾಕುತ್ತೇನೆ ಎಂದು ಅತ್ತೆ ಬಟ್ಟಲು ತರಿಸಿಕೊಂಡಳು. ಹಾಕಿದ ಪಾಕ ಮಫಿನ್ ಮೇಲಿಂದ ಜಾರಿ ತಟ್ಟೆಗೆ ಇಳಿಯಿತು. ಮಗಳು ಒಂದು ತುತ್ತು ತಿಂದು, "ಚೆನ್ನಾಗಿದೆ ಅತ್ತಿಗೆ" ಎಂದಳು. ಎರಡನೆಯ ತುತ್ತಿಗೆ ಕೈ ಹಾಕಲಿಲ್ಲ.

ಅತ್ತೆ ಮಫಿನ್ನನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದಳು. "ಇದರ ಗುಂಡಿ ಎಲ್ಲಿ?" ಎಂದಳು.

ಸೊಸೆಗೆ ಅಳು ಬಂತು. "ಪ್ರತಿ ಸಲವೂ ಗುಂಡಿ ಬೀಳುತ್ತಿತ್ತು ಅತ್ತೆ. ಎರಡು ಸಲದ್ದನ್ನು ಎಮ್ಮೆಗೆ ಹಾಕಿದೆ, ಇವತ್ತಿನದನ್ನು ಮುಚ್ಚಿಟ್ಟೆ. ಸರಿಯಾಗಿ ಬಂದದ್ದು ಇವು ಮಾತ್ರ."

ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಯ್ಯೋ ಹುಚ್ಚಿ, ಗುಂಡಿ ಇಲ್ಲದಿದ್ದರೆ ಪಾಕ ಎಲ್ಲಿ ನಿಲ್ಲಬೇಕು? ನಾನು ಅಡುಗೆಮನೆಯಲ್ಲೇ ತುಂಬಿಸಿ ತರುತ್ತಿದ್ದೆ, ನೀನು ನೋಡಿಲ್ಲ. ತಾನಾಗಿ ಬೀಳುವ ಗುಂಡಿಯನ್ನು ಏನಂತ ಹೇಳಿಕೊಡುವುದು ಎಂದು ನಾನೂ ಸುಮ್ಮನಿದ್ದೆ."

ಸೊಸೆ ಓಡಿಹೋಗಿ ಮುಚ್ಚಿಟ್ಟ ಪಾತ್ರೆ ತಂದಳು. ಅತ್ತೆ ಒಂದೊಂದು ಗುಂಡಿಗೂ ಪಾಕ ತುಂಬಿಸಿದಳು. ಮಫಿನ್ನಿನ ಮೇಲ್ಭಾಗ ಸಪಾಟಾಯಿತು. ಮಗಳು ಒಂದು ತಿಂದಳು, ಇನ್ನೊಂದಕ್ಕೆ ಕೈ ಚಾಚಿದಳು, ಮತ್ತೊಂದನ್ನು ಮಡಿಲಲ್ಲಿ ಇಟ್ಟುಕೊಂಡಳು. ಸೊಸೆ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಅವಳ ಎದೆಯ ಮೇಲಿನ ಭಾರವೆಲ್ಲ ಇಳಿದು, ಅಳುತ್ತಿದ್ದವಳು ಅತ್ತೆಯ ಜೊತೆ ನಗತೊಡಗಿದಳು. ಎಮ್ಮೆಗೆ ಮಾತ್ರ ಅಂದಿನಿಂದ ಬರೀ ಹುಲ್ಲು.

ಗುರುಗಳು ಕತೆ ನಿಲ್ಲಿಸಿದರು. ಮರುಳಸಿದ್ಧನೂ ನಗುತ್ತಿದ್ದ. "ಹಾಗಾದರೆ ನನ್ನ ಪ್ರವಚನದ ಗತಿ ಏನು ಗುರುಗಳೇ?" ಎಂದು ಕೇಳಿದ.

"ನಿನ್ನ ಮಾತು ನಿಂತಾಗ ಕಣ್ಣೊರೆಸಿಕೊಂಡರಲ್ಲ, ಅವರು ಆ ಗುಂಡಿಗೆ ಪಾಕ ತಂದಿದ್ದರು, ನೀನು ಹಿಟ್ಟು ಹೆಚ್ಚಿಸಿದೆ."