ಅಟ್ಟಕ್ಕೆ ಹಾಕಿದ ಎಂಟು ತಿಂಗಳು

ಒಂದಾನೊಂದು ಊರಿನಲ್ಲಿ (ಹ್ಞೂಂಗುಟ್ಟಿ ಮತ್ತೆ, ಇಲ್ಲದಿದ್ದರೆ ಕತೆ ಎದ್ದು ಹೋಗುತ್ತದೆ) ಮುದ್ದೀರಯ್ಯನೆಂಬ ಮನೆ ಯಜಮಾನನಿದ್ದ. ಅವನ ಹಿತ್ತಲ ಮನೆಗೆ ಪಾತ್ರೆಗೆ ಕಲಾಯಿ ಹಾಕುವ ಬೋರಲಿಂಗ, ಅವನ ಹೆಂಡತಿ ದ್ಯಾವಮ್ಮ ಬಾಡಿಗೆಗೆ ಬಂದರು. ಹನ್ನೊಂದು ತಿಂಗಳ ಕರಾರು. ಮೂರೇ ತಿಂಗಳಿಗೆ ಗಂಟುಮೂಟೆ ಕಟ್ಟಿ ಅಂಗಳದಲ್ಲಿ ನಿಂತರು.

"ಯಜಮಾನ್ರೇ, ಇವಳಿಗೆ ಎರಡು ತಿಂಗಳು ತುಂಬ್ತು. ಚೊಚ್ಚಲು. ಇವಳ ತವರಿಗೇ ಹೋಗಿ ಇರ್ತೀವಿ."

"ಹೋಗಿ, ಯಾರು ಹಿಡ್ಕೊಂಡವ್ರೆ? ಉಳಿದ ಎಂಟು ತಿಂಗಳು ಮಾತ್ರ ನಂದು. ಇಲ್ಲೇ ಇಟ್ಟು ಹೋಗಿ. ಕರಾರಲ್ಲಿ ಬರೆದದೆ."

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ದ್ಯಾವಮ್ಮ ಸೆರಗು ಕೊಡವಿದಳು. ಎಂಟು ತಿಂಗಳು ದಬದಬ ಉದುರಿದವು. ಮುದ್ದೀರಯ್ಯ ಎತ್ತಿ ಅಟ್ಟಕ್ಕೆ ಹಾಕಿದ.

ತಿಂಗಳುಗಳು ಸುಮ್ಮನಿರುತ್ತವೆಯೇ? ಶ್ರಾವಣ ಸೋರಿತು. ಕಾರ್ತಿಕ ದೀಪ ಹಚ್ಚು ಎಂದು ಪೀಡಿಸಿತು. ಪುಷ್ಯ ಕಂಬಳಿ ಕೇಳಿತು. ಮನೆ ನೋಡಲು ಬಂದವರು "ಮೇಲೆ ಯಾರು?" ಎಂದರೆ, "ನಾವೂ ಬಾಡಿಗೆಯವರೇ" ಎಂದವು. ಬಂದವರು ಓಡಿದರು.

ವರ್ಷ ಕಳೆದ ಮೇಲೆ ದ್ಯಾವಮ್ಮನ ತಾಯಿ ಬಂದಳು.

"ಅಯ್ಯಾ, ನನ್ನ ಮಗಳ ಹೊಟ್ಟೆ ಬಂದಾಗ ಇದ್ದಂಗೇ ಅದೆ. ಸೂಲಗಿತ್ತಿ ಕೂತು ಕೂತು ಜಗಲಿಗೇ ಅಂಟ್ಕೊಂಡವ್ಳೆ. ಏಳು ತಿಂಗಳಾದ್ರೂ ಕೊಡು."

"ಕರಾರು ಅಂದ್ರೆ ಕರಾರು ಕಣಮ್ಮ."

"ಹೊಟ್ಟೆಗೆ ಓದಕ್ಕೆ ಬರಲ್ಲ ಕಣಯ್ಯ" ಎಂದು ಮುದುಕಿ ಹೊರಟುಹೋದಳು.

ಮುದ್ದೀರಯ್ಯ ಊಟಕ್ಕೆ ಕೂತ. ಅಟ್ಟದಿಂದ ಮಾಘ ಮಾಸ ಮೆಲ್ಲಗೆ ಅಂದಿತು: "ಯಜಮಾನ್ರೇ, ನನ್ನೊಳಗೊಂದು ಕೂಸು ಅಳಬೇಕಿತ್ತು. ನಾನಿಲ್ಲಿ ಧೂಳು ತಿಂತಾ ಕೂತಿದೀನಿ."

ಮುದ್ದೀರಯ್ಯ ಊಟ ಬಿಟ್ಟು ಎದ್ದ. ಎಂಟನ್ನೂ ಗಂಟು ಕಟ್ಟಿ ಹೊರಟ.

ಹೊಳೆ ಸಿಕ್ಕಿತು. ಅಂಬಿಗ "ದೋಣಿಯ ಬಣ್ಣ ಒಣಗಬೇಕು, ಒಂದು ತಿಂಗಳು ಕೊಡಿ" ಎಂದ. ಆಷಾಢ ಕೊಟ್ಟ. ಏಳು ಉಳಿಯಿತು, ಬೇಕಾದದ್ದೂ ಏಳೇ.

ಆಚೆ ದಡದಲ್ಲಿ ಸೀಬೆಮರ. ಮುದ್ದೀರಯ್ಯನಿಗೆ ಹಸಿವೋ ಹಸಿವು.

"ನಾನು ಹಣ್ಣಾಗಕ್ಕೆ ಒಂದು ತಿಂಗಳು ಬೇಕು" ಎಂದಿತು ಕಾಯಿ.

"ಒಂದು ತಾನೆ" ಎಂದುಕೊಂಡ. ನೋಡದೆ ಗಂಟಿಗೆ ಕೈ ಹಾಕಿ ಸಿಕ್ಕಿದ್ದನ್ನು ಕೊಟ್ಟ. ಸಿಕ್ಕಿದ್ದು ಮಾಘ. ಹಣ್ಣಾಯಿತು. ಬೀಜ ಸಮೇತ ನುಂಗಿದ.

ತವರುಮನೆಯಲ್ಲಿ ಗಂಟು ಬಿಚ್ಚಿದ. ಒಂದೊಂದು ತಿಂಗಳಿಗೂ ಹೊಟ್ಟೆ ಉಬ್ಬಿತು. ಆರಕ್ಕೆ ಗಂಟು ಬರಿದು. ಕೂಸು ಇನ್ನೆಷ್ಟು ಕಾಯುತ್ತದೆ? ಹುಟ್ಟೇಬಿಟ್ಟಿತು. ಅಂಗೈಯಷ್ಟು ಹೆಣ್ಣು. ಬೆರಳೆಲ್ಲ ಸರಿಯಾಗಿದ್ದವು. ಬಾಯಿ ತೆರೆಯಿತು. ಅಳು ಬರಲಿಲ್ಲ.

"ಅಳು ಯಾವ ತಿಂಗಳಲ್ಲಿತ್ತು?" ಸೂಲಗಿತ್ತಿ ಕೇಳಿದಳು.

ಹೇಳೋಣವೆಂದು ಮುದ್ದೀರಯ್ಯ ಬಾಯಿ ತೆರೆದ. "ಕುವ್ವಾ, ಕುವ್ವಾ" ಎಂಬ ಎಳೆಯ ಅಳು ಹೊರಬಂತು. ಮೀಸೆ ಒದ್ದೆಯಾಯಿತು.

ದ್ಯಾವಮ್ಮ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಕೂಸನ್ನು ಎತ್ತಿಕೊಂಡು ಅಂದಳು: "ಇದಕ್ಕೆ ಹಸಿವಾದಾಗ ಹೇಳೋರು ಬೇಕಲ್ಲ ಯಜಮಾನ್ರೇ. ಮಾತು ಬರೋಗಂಟ ಇರಿ."

ಇದ್ದ. ಕೂಸಿಗೆ ಹಸಿವಾದಾಗಲೆಲ್ಲ ಜಗಲಿಯ ಮೇಲೆ ಕೂತು ಅತ್ತ. ದಾರಿಹೋಕರು ನಕ್ಕರು. ಕೂಸಿಗೆ ಹಸಿವಿಲ್ಲದಾಗಲೂ ಒಂದೊಂದು ಸಲ ಅತ್ತ. ಆ ಅಳು ಮಾತ್ರ ಅವನದೇ.

ಅದಕ್ಕೇ, ಹೋಗುವವರು ಅಂಗಳದಲ್ಲಿ ನಿಂತಾಗ ತಿಂಗಳು ಎಣಿಸಬೇಡಿ, ಒಂದು ಚೊಂಬು ನೀರು ಕೊಟ್ಟು ಕಳಿಸಿ. ಸೀಬೆಹಣ್ಣನ್ನು ವಿಚಾರಿಸಿ ತಿನ್ನಿ. ಇಲ್ಲಿಗೆ ಕತೆ ಕಾಲು ಚಾಚಿ ಮಲಗಿತು. ನಿಮ್ಮ ನಿಮ್ಮ ತಿಂಗಳು ಎತ್ತಿಕೊಂಡು ನೀವೂ ಹೊರಡಿ.